ಬ್ರೂಸ್ ಲೀ ಸರಿ, ಲಾವ್ ಕಾರ್ ಲಿಯಂಗ್ ಯಾಕೆ ಯಾರಿಗೂ ನೆನಪಾಗಲ್ಲ? ಹಳೇ ಕುಂಗ್ ಫೂ ಸಿನಿಮಾ ಪ್ರಿಯರು ಬನ್ನಿ

ಮೂರುತುಂಡಿನ ಕೋಲು:

ಕುಂಗ್ ಫೂ ಸಿನಿಮಾ ಅಂದ ತಕ್ಷಣ ನಮ್ಮಲ್ಲಿ ಮಾತು ಬ್ರೂಸ್ ಲೀಯಿಂದ ಶುರುವಾಗುತ್ತದೆ, ಜಾಕಿ ಚಾನ್ ಹತ್ತಿರ ಮುಗಿದುಹೋಗುತ್ತದೆ. ಇಬ್ಬರೂ ನನಗೂ ಇಷ್ಟವೇ. ಆದರೆ ಹಾಂಗ್‌ಕಾಂಗಿನ ಹಳೇ ಚಿತ್ರಗಳಲ್ಲಿ ಒಬ್ಬನೇ ಒಬ್ಬ ನಿರ್ದೇಶಕನನ್ನು ಆರಿಸಿ ಅಂದರೆ ನಾನು ಲಾವ್ ಕಾರ್ ಲಿಯಂಗ್ ಹೆಸರು ಹೇಳುತ್ತೇನೆ. ಬೇರೆಯವರ ಸಿನಿಮಾದಲ್ಲಿ ಕಥೆ ನಿಂತು ಹೊಡೆದಾಟ ಶುರುವಾಗುತ್ತದೆ. ಇವನ ಸಿನಿಮಾದಲ್ಲಿ ಹೊಡೆದಾಟ ಶುರುವಾದ ಮೇಲೇ ಕಥೆ ಮುಂದಕ್ಕೆ ಹೋಗುವುದು. ಒಪ್ಪದವರು ಬನ್ನಿ, ಜಗಳ ಆಡೋಣ. ಆದರೆ ಪೂರ್ತಿ ಓದಿ ಬನ್ನಿ.

ಮೊದಲು ಆಸಾಮಿ ಯಾರು ಅಂತ ಹೇಳಿಬಿಡುತ್ತೇನೆ. ವಾಂಗ್ ಫೇ ಹಂಗ್ ಹೆಸರು ಕೇಳಿರುತ್ತೀರಿ. ‘ಡ್ರಂಕನ್ ಮಾಸ್ಟರ್’ನಲ್ಲಿ ಜಾಕಿ ಚಾನ್, ಆಮೇಲೆ 1991ರ ‘ಒನ್ಸ್ ಅಪಾನ್ ಎ ಟೈಮ್ ಇನ್ ಚೈನಾ’ದಲ್ಲಿ ಜೆಟ್ ಲೀ ಮಾಡಿದ ಪಾತ್ರ. ಅವನು ದಕ್ಷಿಣ ಚೀನಾದಲ್ಲಿ ನಿಜವಾಗಿ ಬದುಕಿದ್ದ ವೈದ್ಯ, ಕುಂಗ್ ಫೂ ಗುರು. ಅವನ ಶಿಷ್ಯ ಲಾಮ್ ಸಾಯ್ ವಿಂಗ್. ಲಾಮ್‌ನ ಶಿಷ್ಯ ಲಾವ್ ಚಾಮ್. ಲಾವ್ ಚಾಮ್‌ನ ಮಗನೇ ನಮ್ಮ ಲಾವ್ ಕಾರ್ ಲಿಯಂಗ್. ಅಂದರೆ ಹಂಗ್ ಗಾರ್ ಅನ್ನುವ ಕುಂಗ್ ಫೂ ವಿದ್ಯೆ ಅವನಿಗೆ ಸಿನಿಮಾಗೋಸ್ಕರ ಕಲಿತದ್ದಲ್ಲ, ಮನೆಯಲ್ಲೇ ಬಂದದ್ದು. 1949ರಿಂದ ಶುರುವಾದ ಕ್ವಾನ್ ತಕ್ ಹಿಂಗ್‌ನ ಕಪ್ಪುಬಿಳುಪು ವಾಂಗ್ ಫೇ ಹಂಗ್ ಚಿತ್ರಗಳಲ್ಲಿ ಅಪ್ಪ, ಮಗ ಇಬ್ಬರೂ ಕೆಲಸ ಮಾಡಿದ್ದಾರೆ. 60ರ ದಶಕದಲ್ಲಿ ಮಗ ಶಾ ಬ್ರದರ್ಸ್ ಸ್ಟುಡಿಯೊ ಸೇರಿ ನಿರ್ದೇಶಕ ಚಾಂಗ್ ಚೆಯ ಚಿತ್ರಗಳಿಗೆ ಫೈಟ್ ಮಾಸ್ಟರ್ ಆದ. 1975ರಲ್ಲಿ ‘ದ ಸ್ಪಿರಿಚುಯಲ್ ಬಾಕ್ಸರ್’ ಚಿತ್ರದಿಂದ ನಿರ್ದೇಶಕನಾದ.

ಈಗ 1978ರ ‘36ತ್ ಚೇಂಬರ್ ಆಫ್ ಶಾವೊಲಿನ್’ಗೆ ಬನ್ನಿ. ನಾಯಕ ಸಾನ್ ತೆ ಆಗಿ ಗಾರ್ಡನ್ ಲಿಯು. ಆಗ ಚೀನಾ ಆಳುತ್ತಿದ್ದ ಮಂಚು ಅಧಿಕಾರಿಗಳ ಕೈಯಲ್ಲಿ ತನ್ನವರನ್ನೆಲ್ಲ ಕಳೆದುಕೊಂಡು ಶಾವೊಲಿನ್ ಮಠಕ್ಕೆ ಓಡಿ ಬರುತ್ತಾನೆ. ಬೇರೆ ಯಾರೇ ಆಗಿದ್ದರೂ ತರಬೇತಿಯನ್ನು ಒಂದು ಹಾಡಿನ ಹೊತ್ತಲ್ಲಿ ಮುಗಿಸಿ ವಿಲನ್ ಮನೆಗೆ ನುಗ್ಗಿಸುತ್ತಿದ್ದರು. ಇಲ್ಲಿ ಸಿನಿಮಾದ ನಡುಭಾಗ ಪೂರ್ತಿ ತರಬೇತಿಯೇ. ಊಟಕ್ಕೆ ಹೋಗಬೇಕಾದರೆ ನೀರಿನ ಹೊಂಡ ದಾಟಬೇಕು, ಹೊಂಡದಲ್ಲಿ ತೇಲುವ ಮರದ ದಿಮ್ಮಿಯ ಮೇಲೆ ಕಾಲಿಟ್ಟು ಹಾರಬೇಕು. ಬಿದ್ದರೆ ಒದ್ದೆ ಬಟ್ಟೆ, ಖಾಲಿ ಹೊಟ್ಟೆ. ಇನ್ನೊಂದು ಕಡೆ ಎರಡೂ ಕೈ ಅಗಲಿಸಿ ನೀರಿನ ಬಕೆಟ್ ಹೊರಬೇಕು. ತೋಳಿಗೆ ಚೂರಿ ಕಟ್ಟಿರುತ್ತಾರೆ, ಕೈ ಇಳಿಸಿದರೆ ಸ್ವಂತ ಪಕ್ಕೆಗೇ ಚುಚ್ಚುತ್ತದೆ.

ನನಗೆ ತುಂಬಾ ಇಷ್ಟವಾದದ್ದು ಕಣ್ಣಿನ ಕೋಣೆ. ಮುಖದ ಎರಡೂ ಪಕ್ಕದಲ್ಲಿ ದಪ್ಪ ಊದುಬತ್ತಿ ಹೊತ್ತಿಸಿಟ್ಟಿದ್ದಾರೆ. ಎದುರಿಗೆ ದೀಪ ಆ ಕಡೆ ಈ ಕಡೆ ತೂಗುತ್ತಿದೆ. ತಲೆ ತಿರುಗಿಸಿದರೆ ಕೆನ್ನೆ ಸುಡುತ್ತದೆ, ಕಣ್ಣು ಮಾತ್ರ ಓಡಬೇಕು. ಕ್ಯಾಮೆರಾ ಗಾರ್ಡನ್ ಲಿಯು ಮುಖ ಬಿಟ್ಟು ಅಲ್ಲಾಡುವುದಿಲ್ಲ. ಒಂದೂ ಏಟಿಲ್ಲ, ಎದುರಾಳಿ ಇಲ್ಲ. ಆದರೂ ಅದು ಫೈಟ್ ಸೀನೇ.

ಇದಾದ ಮೇಲೆ ಮಠದ ಹಿರಿಯ ಭಿಕ್ಷುವಿನ ಜೋಡಿ ಕತ್ತಿಗೆ ಸೋಲುತ್ತಾನೆ. ಮತ್ತೆ ಹೋಗುತ್ತಾನೆ, ಮತ್ತೆ ಸೋಲುತ್ತಾನೆ. ಕೊನೆಗೆ ಮೂರು ತುಂಡಿನ ಕೋಲು ಮಾಡಿಕೊಂಡು ಬಂದು ಗೆಲ್ಲುತ್ತಾನೆ (ನನ್ನ ಹೆಸರು ಎಲ್ಲಿಂದ ಬಂತು ಅಂತ ಈಗ ಗೊತ್ತಾಯಿತಲ್ಲ). ಆಮೇಲೆ ಬರುವ ಸೇಡಿನ ಭಾಗ ಚಿಕ್ಕದು, ನಿಜ ಹೇಳಬೇಕೆಂದರೆ ಅವಸರದಲ್ಲಿ ಮುಗಿಸಿದ್ದಾನೆ. ಆದರೆ ಅವನಿಗೆ ಬೇಕಾಗಿದ್ದದ್ದು ಸೇಡಲ್ಲ. ಮಠದಲ್ಲಿ ತರಬೇತಿಗೆ ಇರುವುದು 35 ಕೋಣೆ. ಸಾನ್ ತೆ ಕೇಳುವುದು 36ನೆಯದು, ಹೊರಗಿನ ಸಾಮಾನ್ಯ ಜನಕ್ಕೆ ಕಲಿಸುವ ಕೋಣೆ.

ಕಟೌಟ್ ಕುಮಾರ:

ಗುರುಗಳೇ, ಪೂರ್ತಿ ಓದಿದೆ. ಚೆನ್ನಾಗಿ ಬರೆದಿದ್ದೀರಿ. ಆದರೆ ‘ಬೇರೆಯವರ ಸಿನಿಮಾದಲ್ಲಿ ಕಥೆ ನಿಂತು ಹೊಡೆದಾಟ ಶುರುವಾಗುತ್ತದೆ’ ಅನ್ನೋ ಮಾತು ಬ್ರೂಸ್ ಲೀಗೆ ಅನ್ವಯಿಸಲ್ಲ.

1972ರ ‘ವೇ ಆಫ್ ದ ಡ್ರ್ಯಾಗನ್’ ತಗೊಳ್ಳಿ. ಅವನೇ ಬರೆದು, ಅವನೇ ನಿರ್ದೇಶನ ಮಾಡಿದ ಚಿತ್ರ. ರೋಮಿನ ಕೊಲೋಸಿಯಂ ಒಳಗೆ ಚಕ್ ನಾರಿಸ್ ಜೊತೆ ಫೈಟ್. ಮೊದಲು ಬ್ರೂಸ್ ಲೀ ಏಟು ತಿನ್ನುತ್ತಾನೆ. ನೆಲಕ್ಕೆ ಬೀಳುತ್ತಾನೆ. ಆಮೇಲೆ ತನ್ನ ರೀತಿ ಬದಲಾಯಿಸಿಕೊಳ್ಳುತ್ತಾನೆ, ಕಾಲು ಕುಣಿಸಲು ಶುರು ಮಾಡುತ್ತಾನೆ. ಚಕ್ ನಾರಿಸ್ ಮಾತ್ರ ಅದೇ ಹಳೇ ವರಸೆಯಲ್ಲೇ ಇರುತ್ತಾನೆ, ಸೋಲುತ್ತಾನೆ. ಕೈ ಮುರಿದು, ಕಾಲು ಮುರಿದ ಮೇಲೂ ಎದ್ದು ಬರುತ್ತಾನೆ. ಬ್ರೂಸ್ ಲೀ ‘ಬೇಡ’ ಅನ್ನೋ ಹಾಗೆ ತಲೆ ಅಲ್ಲಾಡಿಸುತ್ತಾನೆ. ಅವನು ಕೇಳುವುದಿಲ್ಲ. ಕೊಂದಾದ ಮೇಲೆ ಅವನ ಕರಾಟೆ ಅಂಗಿ, ಬೆಲ್ಟ್ ತಂದು ಹೆಣದ ಮೇಲೆ ಹೊದಿಸುತ್ತಾನೆ. ಒಂದು ಮಾತಿಲ್ಲ. ಇದು ಕಥೆ ಅಲ್ವಾ?

ಇನ್ನೊಂದು ವಿಷಯ. ಲಾವ್ ಕಾರ್ ಲಿಯಂಗ್ ಚಿತ್ರಗಳನ್ನು ಹೊರದೇಶದವರು ನೋಡಿದ್ದೇ ಬ್ರೂಸ್ ಲೀ ಬಾಗಿಲು ತೆಗೆದದ್ದರಿಂದ. ಅದನ್ನಾದರೂ ಒಪ್ಪಿ.

ಸೈಡ್ ಸೀಟು:

ಆ ಫೈಟಿನಲ್ಲಿ ಬೆಕ್ಕಿನ ಮರಿಯ ನಟನೆಯೇ ಎಲ್ಲರಿಗಿಂತ ಚೆನ್ನಾಗಿದೆ. ಅದನ್ನು ಯಾರೂ ಹೇಳಲ್ಲ.

ಮೂರುತುಂಡಿನ ಕೋಲು:

ಕುಮಾರ್, ಆ ಫೈಟ್ ಬಗ್ಗೆ ತಕರಾರೇ ಇಲ್ಲ. ಬ್ರೂಸ್ ಲೀ ಮಾಡಿದ್ದರಲ್ಲೆಲ್ಲ ಅದೇ ಶ್ರೇಷ್ಠ. ಆದರೆ ಅಂಥದ್ದು ಇನ್ನೊಂದು ಹೇಳಿ ನೋಡೋಣ. ‘ದ ಬಿಗ್ ಬಾಸ್’ನಲ್ಲಿ ಐಸ್ ಫ್ಯಾಕ್ಟರಿಯವರು, ‘ಫಿಸ್ಟ್ ಆಫ್ ಫ್ಯೂರಿ’ಯಲ್ಲಿ ಜಪಾನೀಯರ ಗರಡಿಯವರು, ‘ಎಂಟರ್ ದ ಡ್ರ್ಯಾಗನ್’ನಲ್ಲಿ ಹಾನ್‌ನ ಕಾವಲುಗಾರರು, ಎಲ್ಲರೂ ಅವನ ಕೈಲಿ ಏಟು ತಿನ್ನೋಕೆ ಅಂತಲೇ ಸಾಲಾಗಿ ಬರುತ್ತಾರೆ. ಅವನನ್ನು ನೋಡುವುದೇ ಹಬ್ಬ, ಅದು ಬೇರೆ ಮಾತು. ಅಷ್ಟು ಚೂಪಾದ ಮನುಷ್ಯ ಪರದೆ ಮೇಲೆ ಮತ್ತೆ ಬಂದಿಲ್ಲ. ಆದರೆ ನಾವು ನೋಡುವುದು ಬ್ರೂಸ್ ಲೀಯನ್ನು, ಎದುರಾಳಿಯನ್ನಲ್ಲ.

ಬಾಗಿಲು ತೆಗೆದ ವಿಷಯದಲ್ಲಿ ಅರ್ಧ ಒಪ್ಪುತ್ತೇನೆ. ‘ಎಂಟರ್ ದ ಡ್ರ್ಯಾಗನ್’ ಅಮೆರಿಕದಲ್ಲಿ ತೆರೆಗೆ ಬಂದದ್ದು 1973ರ ಆಗಸ್ಟ್‌ನಲ್ಲಿ, ಬ್ರೂಸ್ ಲೀ ಜುಲೈ 20ಕ್ಕೆ ತೀರಿಕೊಂಡ ಮೇಲೆ. ಅದಕ್ಕೂ ಮುಂಚೆ ಅದೇ ವರ್ಷ ಅಲ್ಲಿ ಓಡಿದ್ದು ಶಾ ಬ್ರದರ್ಸ್‌ನ ‘ಕಿಂಗ್ ಬಾಕ್ಸರ್’. ಅಮೆರಿಕದಲ್ಲಿ ‘ಫೈವ್ ಫಿಂಗರ್ಸ್ ಆಫ್ ಡೆತ್’ ಅಂತ ಹೆಸರು. ನಾಯಕ ಲೋ ಲಿಯೆ, ನಿರ್ದೇಶಕ ಕೊರಿಯಾದ ಚಂಗ್ ಚಾಂಗ್ ಹ್ವಾ. ನಾಯಕನ ಅಂಗೈ ಕೆಂಪಗೆ ಹೊಳೆದಾಗ ಬರುವ ಆ ಸೈರನ್ ಸದ್ದು ನೆನಪಿದೆಯಾ? ‘ಐರನ್‌ಸೈಡ್’ ಅನ್ನೋ ಅಮೆರಿಕದ ಟಿವಿ ಧಾರಾವಾಹಿಯ ಸಂಗೀತ ಅದು. ‘ಕಿಲ್ ಬಿಲ್’ನಲ್ಲೂ ಅದೇ ಸದ್ದು ಬರುತ್ತದೆ.

ಚಿನ್ನದ ಗುಬ್ಬಿ:

ನಮಸ್ಕಾರ. ಇಬ್ಬರೂ ಸೇರಿ ನಿರ್ದೇಶಕ ಕಿಂಗ್ ಹು ಹೆಸರೇ ಎತ್ತದೆ ಇಷ್ಟು ದೂರ ಬಂದಿದ್ದೀರಿ, ಶಹಬ್ಬಾಸ್.

1966ರ ‘ಕಮ್ ಡ್ರಿಂಕ್ ವಿತ್ ಮಿ’ ನೋಡಿ. ಚೆಂಗ್ ಪೇ ಪೇ ಅದರಲ್ಲಿ ಗೋಲ್ಡನ್ ಸ್ವಾಲೋ. ಆಕೆ ಬ್ಯಾಲೆ ಕಲಿತವಳು, ಕುಂಗ್ ಫೂ ಕಲಿತವಳಲ್ಲ. ಛತ್ರದ ಸೀನಿನಲ್ಲಿ ಅವಳು ಸುಮ್ನೆ ಕೂತಿದ್ದಾಳೆ. ಸುತ್ತ ಡಕಾಯಿತರು. ಒಬ್ಬೊಬ್ಬನೇ ಬಂದು ಕೆಣಕುತ್ತಾನೆ. ಅವಳು ಕೂತಲ್ಲೇ ಎಲ್ಲ ತಡೆಯುತ್ತಾಳೆ. ಕೈ ಎಷ್ಟು ಬೇಕೋ ಅಷ್ಟೇ ಆಡುತ್ತದೆ. ಆ ಸೀನಿನ ಬಿಗಿ ಇರುವುದು ಹೊಡೆತದಲ್ಲಲ್ಲ, ಎರಡು ಹೊಡೆತದ ನಡುವಿನ ಸುಮ್ಮನಿರುವಿಕೆಯಲ್ಲಿ. 2000ದ ‘ಕ್ರೌಚಿಂಗ್ ಟೈಗರ್’ನಲ್ಲಿ ಜೇಡ್ ಫಾಕ್ಸ್ ಆದವಳು ಇದೇ ಚೆಂಗ್ ಪೇ ಪೇ. ಆಂಗ್ ಲೀ ಸುಮ್ಮಸುಮ್ಮನೆ ಅವಳನ್ನು ಕರೆದು ತರಲಿಲ್ಲ.

ಆಮೇಲೆ ಕಿಂಗ್ ಹು ತೈವಾನಿಗೆ ಹೋಗಿ ‘ಡ್ರ್ಯಾಗನ್ ಇನ್’, ‘ಎ ಟಚ್ ಆಫ್ ಝೆನ್’ ಮಾಡಿದ. ಎರಡನೆಯದಕ್ಕೆ 1975ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ತಾಂತ್ರಿಕ ಪ್ರಶಸ್ತಿ ಬಂತು. ಬಿದಿರು ಕಾಡಿನ ಕಾಳಗ ಇರುವುದು ಅದರಲ್ಲೇ. ಇವತ್ತು ಬಿದಿರಿನ ನಡುವೆ ಯಾರೇ ಕತ್ತಿ ಹಿಡಿದು ಹಾರಿದರೂ ಅದು ಅಲ್ಲಿಂದ ಬಂದದ್ದೇ.

ನನ್ನ ತಕರಾರು ಏನೆಂದರೆ, ಚಾಂಗ್ ಚೆ ಬಂದ ಮೇಲೆ ಹೆಂಗಸರನ್ನು ಮೂಲೆಗೆ ತಳ್ಳಿದರು. 1967ರ ‘ಒನ್ ಆರ್ಮ್ಡ್ ಸ್ವೋರ್ಡ್ಸ್‌ಮನ್’ ಹಾಂಗ್‌ಕಾಂಗಿನಲ್ಲಿ 10 ಲಕ್ಷ ಡಾಲರ್ ಗಳಿಕೆ ದಾಟಿತು. ಅಲ್ಲಿಂದ ಬರೀ ಗಂಡಸರು, ಅವರ ಗೆಳೆತನ, ಬಿಚ್ಚಿದ ಅಂಗಿ, ಹೊಟ್ಟೆಯಲ್ಲಿ ನೆಟ್ಟ ಕೊಡಲಿ. ನೋಡಿ ನೋಡಿ ಸುಸ್ತಾಗುತ್ತದೆ.

ಮೂರುತುಂಡಿನ ಕೋಲು:

ಮೇಡಂ, ಕಿಂಗ್ ಹು ಬಗ್ಗೆ ನನ್ನ ಗೌರವ ದೊಡ್ಡದು. ಆದರೆ ಅವನದು ಕತ್ತಿಯ ಸಿನಿಮಾ, ನಾನು ಹೇಳುತ್ತಿರುವುದು ಕೈಕಾಲಿನ ಸಿನಿಮಾ. ಅವನ ಫೈಟ್‌ಗಳಲ್ಲಿ ಎಡಿಟಿಂಗ್ ಕೆಲಸವೇ ಅರ್ಧಕ್ಕಿಂತ ಜಾಸ್ತಿ. ಹಾರುವುದಕ್ಕೆ ಟ್ರಾಂಪೊಲಿನ್, ಮಧ್ಯೆ ಕಟ್. ಕಣ್ಣಿಗೆ ಹಬ್ಬ. ಆದರೆ ಒಬ್ಬ ಮನುಷ್ಯನ ಮೈ ಏನು ಮಾಡಬಲ್ಲದು ಅನ್ನೋದು ಅದರಲ್ಲಿ ಕಾಣಲ್ಲ. ಲಾವ್ ಕಾರ್ ಲಿಯಂಗ್ ಕ್ಯಾಮೆರಾವನ್ನು ಹಿಂದಕ್ಕಿಟ್ಟು, ತಲೆಯಿಂದ ಪಾದದವರೆಗೆ ತೋರಿಸಿ, ಹತ್ತಾರು ಪಟ್ಟುಗಳನ್ನು ಒಂದೇ ಶಾಟಿನಲ್ಲಿ ತೆಗೆಯುತ್ತಾನೆ.

ಹೆಂಗಸರ ವಿಷಯಕ್ಕೆ ಬಂದರೆ ಚಾಂಗ್ ಚೆ ಬಗ್ಗೆ ನೀವು ಹೇಳಿದ್ದು ಸರಿ. ಆದರೆ ಅದೇ ಮಾತನ್ನು ಲಾವ್ ಕಾರ್ ಲಿಯಂಗ್ ಮೇಲೆ ಹೊರಿಸಬೇಡಿ. 1981ರ ‘ಮೈ ಯಂಗ್ ಆಂಟಿ’ ನೋಡಿದ್ದೀರಾ? ಕಾರಾ ಹುಯಿ ಅದರಲ್ಲಿ ಚಿಕ್ಕ ವಯಸ್ಸಿನ ವಿಧವೆ. ದುಷ್ಟ ತಮ್ಮನ ಕೈಗೆ ಆಸ್ತಿ ಹೋಗಬಾರದು ಅಂತ ಮುದುಕ ಯಜಮಾನ ಅವಳನ್ನು ಮದುವೆಯಾಗಿರುತ್ತಾನೆ. ಈಗ ಅವಳು ವಯಸ್ಸಿನಲ್ಲಿ ಚಿಕ್ಕವಳು, ಸಂಬಂಧದಲ್ಲಿ ಎಲ್ಲರಿಗಿಂತ ದೊಡ್ಡವಳು. ತಲೆ ನರೆತ ಗಂಡಸು ಅವಳ ಮುಂದೆ ಮಂಡಿಯೂರಿ ನಮಸ್ಕಾರ ಮಾಡಬೇಕು. ಮಾಡುತ್ತಾನೆ, ಮುಖ ಹುಳ್ಳಗೆ ಮಾಡಿಕೊಂಡು. ನಮ್ಮ ಯಾವುದೇ ದೊಡ್ಡ ಮನೆತನದ ಮದುವೆಗೆ ಹೋದವರಿಗೆ ಈ ಪೇಚು ಗೊತ್ತು. ಆ ಪಾತ್ರಕ್ಕೆ ಕಾರಾ ಹುಯಿಗೆ 1982ರಲ್ಲಿ, ಮೊದಲನೇ ಹಾಂಗ್‌ಕಾಂಗ್ ಫಿಲ್ಮ್ ಅವಾರ್ಡ್ಸ್‌ನಲ್ಲೇ, ಅತ್ಯುತ್ತಮ ನಟಿ ಪ್ರಶಸ್ತಿ ಬಂತು. ಕುಂಗ್ ಫೂ ಪಾತ್ರಕ್ಕೆ!

ಚಿನ್ನದ ಗುಬ್ಬಿ:

ನೋಡಿದ್ದೇನೆ. ಮೊದಲರ್ಧ ಅವಳದ್ದು, ಒಪ್ಪಿದೆ. ಕೊನೆಯ ದೊಡ್ಡ ಫೈಟ್ ಯಾರ ಪಾಲಿಗೆ ಹೋಗುತ್ತದೆ ಅಂತ ನೀವೇ ಹೇಳಿ. ನಿರ್ದೇಶಕ ಮಹಾಶಯ ತಾನೇ ಬಂದು ನಿಂತುಬಿಡುತ್ತಾನೆ.

ಸೈಡ್ ಸೀಟು:

ಅಕ್ಕ ಸರಿಯಾಗಿ ಕೊಟ್ಟರು.

ಕರಾವಳಿ ಚೆಂಡೆ:

ನನ್ನದೊಂದು ಸಣ್ಣ ಮಾತು ಮಾರಾಯ್ರೆ. ಈ ಸಿನಿಮಾಗಳ ಹೊಡೆದಾಟ ನಮಗೆ ಯಾಕೆ ಇಷ್ಟು ಹತ್ತಿರ ಅನ್ನಿಸುತ್ತದೆ ಗೊತ್ತುಂಟಾ? ಇವರಲ್ಲಿ ತುಂಬ ಜನ ಪೀಕಿಂಗ್ ಒಪೆರಾ ಎಂಬ ಚೀನಾದ ಹಾಡು ಕುಣಿತದ ರಂಗಕಲೆಯಿಂದ ಬಂದವರು. ಜಾಕಿ ಚಾನ್, ಸ್ಯಾಮೊ ಹಂಗ್, ಯುವೆನ್ ಬಿಯಾವ್ ಮೂವರೂ ಹಾಂಗ್‌ಕಾಂಗಿನಲ್ಲಿ ಯು ಜಿಮ್ ಯುವೆನ್ ಎಂಬ ಗುರುವಿನ ಶಾಲೆಯಲ್ಲಿ ಚಿಕ್ಕಂದಿನಿಂದ ಇದ್ದು ಕಲಿತವರು. ಅಲ್ಲಿ ಹೊಡೆದಾಟ ತಾಳಕ್ಕೆ ನಡೆಯುತ್ತದೆ. ಎರಡು ಏಟು, ಒಂದು ತಡೆ, ಒಂದು ಲಾಗ, ಆಮೇಲೆ ಎರಡು ಕಣ್ಣು ಮಿಟುಕಿಸುವಷ್ಟು ಹೊತ್ತು ನಿಂತು ನೋಡುವುದು. ಬಡಗುತಿಟ್ಟಿನಲ್ಲಿ ಯುದ್ಧದ ಪದ ಮುಗಿದು ಚೆಂಡೆ ಏರುವಾಗ ವೇಷಧಾರಿ ದಿಗಿಣ ಹೊಡೆದು ಗಕ್ಕನೆ ನಿಲ್ಲುತ್ತಾನಲ್ಲ, ಅದೇ ಲೆಕ್ಕ. ಒಂದು ಬಾರಿ ಧ್ವನಿ ಬಂದ್ ಮಾಡಿ ‘ದ ಯಂಗ್ ಮಾಸ್ಟರ್’ ಚಿತ್ರದ ಬೆಂಚಿನ ಫೈಟ್ ನೋಡಿ. ತಾಳ ಕಣ್ಣಿಗೇ ಕೇಳಿಸುತ್ತದೆ.

ಬ್ರೂಸ್ ಲೀಯಲ್ಲಿ ಈ ತಾಳ ಇಲ್ಲ. ಅವನು ಒಡೆದು ಹಾಕಿದ್ದೇ ಅದನ್ನು. ಒಂದು ಏಟು, ಮುಗೀತು.

ಕಟೌಟ್ ಕುಮಾರ:

ಕೊನೇ ಸಾಲಿಗೆ ಒಂದು ಸಲಾಂ ಅಣ್ಣ.

ಮೂರುತುಂಡಿನ ಕೋಲು:

ಚೆಂಡೆಯವರೇ, ಎಷ್ಟು ಚೆನ್ನಾಗಿ ಹೇಳಿದಿರಿ. ಇದಕ್ಕೆ ಸೇರಿಸುವುದು ಒಂದಿದೆ. ಆಗ ಹಾಂಗ್‌ಕಾಂಗಿನಲ್ಲಿ ಹೆಚ್ಚಾಗಿ ಶೂಟಿಂಗ್ ಜಾಗದಲ್ಲಿ ಧ್ವನಿ ರೆಕಾರ್ಡ್ ಮಾಡುತ್ತಿರಲಿಲ್ಲ. ಮಾತು, ಏಟಿನ ಸದ್ದು, ಬಟ್ಟೆ ಬೀಸುವ ಸದ್ದು ಎಲ್ಲ ಆಮೇಲೆ ಕೂಡಿಸಿದ್ದು. ಸಂಗೀತವನ್ನೂ ಶಾ ಬ್ರದರ್ಸ್‌ನವರು ಬಹಳ ಸಲ ಲಂಡನ್ನಿನ ಡಿ ವುಲ್ಫ್ ಕಂಪನಿಯ ಸಿದ್ಧ ಸಂಗ್ರಹದಿಂದ ತಗೊಳ್ಳುತ್ತಿದ್ದರು. ಅದಕ್ಕೇ ಬೇರೆ ಬೇರೆ ಚಿತ್ರಗಳಲ್ಲಿ ಅದೇ ಟ್ಯೂನ್ ಕೇಳುತ್ತದೆ. ವೇಗ ಹೆಚ್ಚು ಕಾಣಲಿ ಅಂತ ಸೆಕೆಂಡಿಗೆ 24 ಫ್ರೇಮ್ ಬದಲು 22ಕ್ಕೋ 20ಕ್ಕೋ ಇಳಿಸಿ ತೆಗೆಯುತ್ತಿದ್ದರು. ಇದನ್ನು ಮೋಸ ಅನ್ನುವವರಿದ್ದಾರೆ. ನನಗೆ ಹಾಗನ್ನಿಸಲ್ಲ. ಪಟ್ಟು ಗೊತ್ತಿಲ್ಲದವನನ್ನು 20 ಫ್ರೇಮಿನಲ್ಲಿ ತೆಗೆದರೆ ಅವನು ಬೇಗ ಬೇಗ ತಪ್ಪು ಮಾಡಿದ ಹಾಗೆ ಕಾಣುತ್ತದೆ, ಅಷ್ಟೇ.

ಹಿತ್ತಲ ಗಿಡ:

ಎಲ್ಲ ಸರಿ. ಆದರೆ ಕುಂಗ್ ಫೂ ಮೂಲ ನಮ್ಮದೇ ಅಲ್ಲವೇ? ದಕ್ಷಿಣ ಭಾರತದಿಂದ ಹೋದ ಬೋಧಿಧರ್ಮ ಶಾವೊಲಿನ್ ಭಿಕ್ಷುಗಳಿಗೆ ಕಲಿಸಿದ್ದು. ಇದನ್ನು ಯಾರೂ ಹೇಳುತ್ತಿಲ್ಲ.

ಮೂರುತುಂಡಿನ ಕೋಲು:

ಈ ಮಾತು ಯಾವಾಗ ಬರುತ್ತದೆ ಅಂತ ಕಾಯುತ್ತಿದ್ದೆ. ಶಾವೊಲಿನ್ ಮಠ 495ರಲ್ಲಿ ಕಟ್ಟಿದ್ದು ಬಾತುವೊ ಎಂಬ ಭಿಕ್ಷುವಿಗಾಗಿ. ಅವನು ಭಾರತದಿಂದ ಬಂದವನು ಅಂತಲೇ ಹೇಳುತ್ತಾರೆ. ಅಷ್ಟರಮಟ್ಟಿಗೆ ನಂಟು ಇದೆ. ಬೋಧಿಧರ್ಮ ಧ್ಯಾನ ಪಂಥದ ಮೂಲಗುರು ಅನ್ನುವ ಗೌರವವೂ ಚೀನಾದಲ್ಲಿ ದೊಡ್ಡದು. ಆದರೆ ಅವನು ಹೊಡೆದಾಟ ಕಲಿಸಿದ ಅನ್ನುವ ಕಥೆಗೆ ಬುಡ ‘ಯಿಜಿನ್ ಜಿಂಗ್’ ಅನ್ನುವ ಪುಸ್ತಕ. ಅದು 17ನೇ ಶತಮಾನದ್ದು. ಬೋಧಿಧರ್ಮನಿಗೂ ಅದಕ್ಕೂ ಸಾವಿರ ವರ್ಷಕ್ಕಿಂತ ಹೆಚ್ಚು ಅಂತರ. ಚೀನಾದ ಇತಿಹಾಸಕಾರರೇ ಇದನ್ನು ಬಿಡಿಸಿ ಹೇಳಿದ್ದಾರೆ.

ಭಾರತದ ನಂಟು ಬೇಕೇ ಬೇಕು ಅಂದರೆ ಜಿಮ್ಮಿ ವಾಂಗ್ ಯು ಅವನ 1976ರ ‘ಮಾಸ್ಟರ್ ಆಫ್ ದ ಫ್ಲೈಯಿಂಗ್ ಗಿಲೊಟೀನ್’ ನೋಡಿ. ಅದರಲ್ಲಿ ಒಬ್ಬ ಭಾರತದ ಯೋಗಿ ಬರುತ್ತಾನೆ. ಮೈಗೆ ಕಪ್ಪು ಬಣ್ಣ ಬಳಿದುಕೊಂಡ ನಟ. ಅವನ ಕೈಗಳು ರಬ್ಬರಿನಂತೆ ಉದ್ದ ಆಗುತ್ತವೆ. ‘ಸ್ಟ್ರೀಟ್ ಫೈಟರ್’ ಆಟದ ಧಾಲ್ಸಿಮ್ ಇವನಿಂದಲೇ ಹುಟ್ಟಿದ ಅಂತ ಆಟದ ಅಭಿಮಾನಿಗಳು ಹೇಳುತ್ತಾರೆ. ಹೆಮ್ಮೆ ಪಡಬೇಕೋ ಬೇಡವೋ ನೀವೇ ತೀರ್ಮಾನಿಸಿ.

ಸೈಡ್ ಸೀಟು:

ಕೈ ಉದ್ದ ಆಗೋ ವಿದ್ಯೆ ನಮ್ಮ ಊಟದ ಪಂಕ್ತಿಯಲ್ಲಿ ಎಲ್ಲರಿಗೂ ಬರುತ್ತೆ.

ಹಿತ್ತಲ ಗಿಡ:

ಸರಿ, ಪುಸ್ತಕದ ವಿಷಯ ನೋಡುತ್ತೇನೆ. ಆದರೆ ಕನ್ನಡಕ್ಕೂ ಇದರ ಗಾಳಿ ಬೀಸಿತ್ತಲ್ಲ. ಶಂಕರ್ ನಾಗ್‌ಗೆ ಕರಾಟೆ ಕಿಂಗ್ ಅಂತ ಬಿರುದು ಬಂದದ್ದು ಸುಮ್ನೆ ಅಲ್ಲ. 70ರ ದಶಕದ ಕೊನೆಯಿಂದ ನಮ್ಮ ನಾಯಕರೆಲ್ಲ ಕಾಲೆತ್ತಿ ಒದೆಯಲು ಶುರು ಮಾಡಿದರು.

ಎರಡನೇ ಆಟ:

ಶಂಕರ್ ನಾಗ್ ಅಂದಿರಲ್ಲ, ಅದಕ್ಕೆ ಬಂದೆ. ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ 1978ರದ್ದು, ‘36ತ್ ಚೇಂಬರ್’ ಬಂದ ವರ್ಷವೇ. ಆದರೆ ಅದು ಜಪಾನಿನ ನಿರ್ದೇಶಕ ಕುರೊಸಾವಾ ದಾರಿ, ಹಾಂಗ್‌ಕಾಂಗ್ ದಾರಿ ಅಲ್ಲ. ಅಲ್ಲಿಯ ಕತ್ತಿಕಾಳಗದಲ್ಲಿ ಭಾರ ಇದೆ, ಆಯಾಸ ಇದೆ.

ನಾನು ಹೇಳಬೇಕಿದ್ದದ್ದು ಬೇರೆ. ವಿಡಿಯೋ ಪಾರ್ಲರ್ ಕಾಲದಲ್ಲಿ ಈ ಸಿನಿಮಾಗಳನ್ನು ನೋಡಿದವರು ಅರ್ಧ ಸಿನಿಮಾ ಮಾತ್ರ ನೋಡಿದ್ದಾರೆ. ಮಾತಿಗಲ್ಲ, ನಿಜವಾಗಿಯೂ ಅರ್ಧ. ಶಾ ಬ್ರದರ್ಸ್‌ನವರು ಶಾಸ್ಕೋಪ್ ಅಂತ ಅಗಲ ಪರದೆಯಲ್ಲಿ ತೆಗೆಯುತ್ತಿದ್ದರು. ಕ್ಯಾಸೆಟ್ಟಿಗೆ ಹಾಕುವಾಗ ಟಿವಿ ಚೌಕಕ್ಕೆ ಹೊಂದಿಸಲು ಎಡಬಲ ಕತ್ತರಿಸಿಬಿಡುತ್ತಿದ್ದರು. ಒಬ್ಬ ಈಟಿ ಎಸೆಯುತ್ತಾನೆ, ಅದು ಯಾರಿಗೆ ತಾಗಿತು ಅಂತ ಕಾಣಲ್ಲ. ಮೂಗಿನ ಅರ್ಧ ಒಬ್ಬನದು, ಮೊಣಕೈ ಇನ್ನೊಬ್ಬನದು, ಮಧ್ಯೆ ಖಾಲಿ ಗೋಡೆ. ಮೂರು ತುಂಡಿನ ಕೋಲಿನಲ್ಲಿ ಒಂದು ತುಂಡು ಯಾವಾಗಲೂ ಹೊರಗೆ. ಮೇಲೆ ಇಂಗ್ಲಿಷ್ ಗಂಟಲಿನ ಡಬ್ಬಿಂಗ್. ಆ ಕಾಲದಲ್ಲಿ ನಮಗೆ ಬ್ರೂಸ್ ಲೀ ದೊಡ್ಡವನಾಗಿ ಕಂಡದ್ದು ಇದಕ್ಕೂ ಹೌದು. ಅವನ ಮುಖ, ಕಣ್ಣು, ಕೂಗು ಚೌಕದೊಳಗೂ ಹಿಡಿಸುತ್ತದೆ. ಲಾವ್ ಕಾರ್ ಲಿಯಂಗ್‌ನ ಅಗಲ ಶಾಟು ಹಿಡಿಸುವುದಿಲ್ಲ.

2000ದಲ್ಲಿ ಸೆಲೆಸ್ಟಿಯಲ್ ಪಿಕ್ಚರ್ಸ್‌ನವರು ಶಾ ಬ್ರದರ್ಸ್ ಸಂಗ್ರಹ ಕೊಂಡುಕೊಂಡು, ಸುಮಾರು 760 ಚಿತ್ರ, ಒಂದೊಂದಾಗಿ ಸ್ವಚ್ಛ ಮಾಡಿ ಡಿವಿಡಿ ಬಿಟ್ಟ ಮೇಲೆಯೇ ಇವನ್ನು ಸರಿಯಾಗಿ ನೋಡಲು ಸಾಧ್ಯವಾದದ್ದು.

ಮೂರುತುಂಡಿನ ಕೋಲು:

ಬ್ರೂಸ್ ಲೀ ಮುಖ ಚೌಕಕ್ಕೆ ಹಿಡಿಸಿತು ಅನ್ನೋ ಮಾತು ನಾನು ಬರೆಯಬೇಕಿತ್ತು, ನೀವು ಬರೆದುಬಿಟ್ಟಿರಿ. ಈ ಎಳೆಯಲ್ಲೇ ಅತ್ಯುತ್ತಮ ವಾದ.

ಕಟೌಟ್ ಕುಮಾರ:

ಸರಿ ಸರಿ. ಲಾವ್ ಕಾರ್ ಲಿಯಂಗ್ ಒಳ್ಳೆಯವನೇ. ಆದರೆ ನಿಮ್ಮ ಶುರುವಿನ ಮಾತಿಗೆ, ಅಂದರೆ ಹೊಡೆದಾಟದಲ್ಲೇ ಕಥೆ ಅನ್ನೋದಕ್ಕೆ, ಸ್ಯಾಮೊ ಹಂಗ್‌ನ 1981ರ ‘ಪ್ರಾಡಿಗಲ್ ಸನ್’ ಸಾಕಲ್ಲವೇ? ನನಗೆ ಅದು 36ಕ್ಕಿಂತ ಒಂದು ಕೈ ಮೇಲು.

ಕಥೆ ಗೊತ್ತಿಲ್ಲದವರಿಗೆ: ಯುವೆನ್ ಬಿಯಾವ್ ಸಾಹುಕಾರನ ಮಗ, ತಾನು ದೊಡ್ಡ ಕುಂಗ್ ಫೂ ಪಟು ಅಂದುಕೊಂಡಿದ್ದಾನೆ. ಇವನ ಎದುರಾಳಿಗಳಿಗೆಲ್ಲ ಅಪ್ಪನ ಕಡೆಯವರು ಮೊದಲೇ ದುಡ್ಡು ಕೊಟ್ಟು ಸೋಲಿಸುತ್ತಿದ್ದಾರೆ ಅಂತ ಇವನಿಗೆ ಗೊತ್ತಿಲ್ಲ. ಒಂದು ನಾಟಕದ ಮೇಳ ಬರುತ್ತದೆ. ಅದರಲ್ಲಿ ಸ್ತ್ರೀಪಾತ್ರ ಮಾಡುವವನು ಲಾಮ್ ಚಿಂಗ್ ಯಿಂಗ್. ಹುಬ್ಬು ಬೋಳಿಸಿದ ಮುಖ. ಇವನನ್ನು ಎರಡೇ ನಿಮಿಷದಲ್ಲಿ ಮಣ್ಣು ಮುಕ್ಕಿಸುತ್ತಾನೆ. ಆ ಲಾಮ್ ಚಿಂಗ್ ಯಿಂಗ್‌ಗೆ ಅಸ್ತಮಾ. ವಿಲನ್ ಜೊತೆ ಕಾದಾಡುವಾಗ ಉಸಿರು ಕಟ್ಟುತ್ತದೆ. ವಿಲನ್ ಕೈ ಇಳಿಸಿ, ‘ನಿನಗೆ ವಾಸಿಯಾಗಲಿ, ಆಮೇಲೆ ನೋಡೋಣ’ ಅಂತ ಹೋಗುತ್ತಾನೆ. ಯಾವ ಸಿನಿಮಾದಲ್ಲಿ ವಿಲನ್ ಹೀಗೆ ಮಾಡುತ್ತಾನೆ ಹೇಳಿ? ಆದರೆ ಆ ರಾತ್ರಿ ವಿಲನ್‌ನ ಅಂಗರಕ್ಷಕರು ಬಂದು ಇಡೀ ಮೇಳಕ್ಕೆ ಬೆಂಕಿ ಇಡುತ್ತಾರೆ, ಅವನಿಗೆ ತಿಳಿಸದೆ. ಅಂದರೆ ಅವನೂ ಸಾಹುಕಾರನ ಮಗನೇ, ಅವನಿಗೂ ಯಾರೋ ಹಿಂದಿನಿಂದ ದಾರಿ ಮಾಡಿಕೊಡುತ್ತಿದ್ದಾರೆ. ಕೊನೆಯ ಫೈಟ್ ಶುರುವಾಗುವ ಹೊತ್ತಿಗೆ ಇದು ಇಬ್ಬರಿಗೂ ಗೊತ್ತು. ಅದಕ್ಕೇ ಅದು ನೋವು ಕೊಡುತ್ತದೆ.

ಕರಾವಳಿ ಚೆಂಡೆ:

ಸ್ತ್ರೀವೇಷದವನು ಹೊಡೆಯುವುದು ನೋಡಿ ನಾನು ಎದ್ದು ನಿಂತೇಬಿಟ್ಟಿದ್ದೆ ಮಾರಾಯ್ರೆ.

ಮೂರುತುಂಡಿನ ಕೋಲು:

‘ಪ್ರಾಡಿಗಲ್ ಸನ್’ ವಿಷಯದಲ್ಲಿ ನಾನು ಜಗಳ ಆಡಲ್ಲ. ವಿಂಗ್ ಚುನ್ ಅನ್ನುವ ಕುಂಗ್ ಫೂ ಶೈಲಿ ಅಷ್ಟು ಚೊಕ್ಕವಾಗಿ ಬೇರೆ ಯಾವ ಸಿನಿಮಾದಲ್ಲೂ ಬಂದಿಲ್ಲ. ನನ್ನ ಪಟ್ಟಿಯಲ್ಲಿ ಅದಕ್ಕೆ ಎರಡನೇ ಜಾಗ.

ಆದರೆ ಲಾವ್ ಕಾರ್ ಲಿಯಂಗ್ ಬರೀ 36 ಅಂದುಕೊಳ್ಳಬೇಡಿ. 1979ರ ‘ಡರ್ಟಿ ಹೋ’ ನೋಡಿ (ಹೆಸರು ನೋಡಿ ಬೇರೆ ಏನೋ ಅಂದುಕೊಳ್ಳಬೇಡಿ, ಹೋ ಅನ್ನೋದು ಒಬ್ಬ ಕಳ್ಳನ ಹೆಸರು). ಗಾರ್ಡನ್ ಲಿಯು ವೇಷ ಮರೆಸಿಕೊಂಡ ರಾಜಕುಮಾರ. ಅವನನ್ನು ಕೊಲ್ಲಲು ಬಂದವನು ಮದ್ಯದ ರುಚಿ ನೋಡೋಣ ಬನ್ನಿ ಅಂತ ಕರೆಯುತ್ತಾನೆ. ಇಬ್ಬರೂ ಕೂತು ನಗುನಗುತ್ತಾ ಯಾವ ಊರಿನ ಮದ್ಯ, ಎಷ್ಟು ಹಳೆಯದು ಅಂತ ಮಾತಾಡುತ್ತಾರೆ. ಬಟ್ಟಲು ಕೈಯಿಂದ ಕೈಗೆ ಹೋಗುತ್ತದೆ. ಮೇಜಿನ ಕೆಳಗೆ ಕಾಲು ಕಾಲಿಗೆ ಸಿಕ್ಕುತ್ತಿದೆ, ತೋಳಿನ ಮರೆಯಲ್ಲಿ ಮುಷ್ಟಿ ಓಡುತ್ತಿದೆ. ಬಾಯಲ್ಲಿ ಮಾತ್ರ ‘ತಗೊಳ್ಳಿ, ತಗೊಳ್ಳಿ’. ಒಬ್ಬರೂ ಜಗಳ ಆಡುತ್ತಿದ್ದೇವೆ ಅಂತ ಒಪ್ಪುವುದೇ ಇಲ್ಲ. ಹೊಟ್ಟೆ ಹುಣ್ಣಾಗುವಷ್ಟು ನಗು ಬರುತ್ತದೆ, ಜೊತೆಗೆ ಉಸಿರು ಬಿಗಿಹಿಡಿದು ನೋಡುತ್ತಿರುತ್ತೀರಿ.

‘ಹೀರೋಸ್ ಆಫ್ ದ ಈಸ್ಟ್’ 1978ರದ್ದು. ಆಗಿನ ಹಾಂಗ್‌ಕಾಂಗ್ ಚಿತ್ರಗಳಲ್ಲಿ ಜಪಾನಿನವನು ಅಂದರೆ ವಿಲನ್ ಅಂತಲೇ ಲೆಕ್ಕ. ಇಲ್ಲಿ ಚೀನೀ ಹುಡುಗನಿಗೆ ಜಪಾನಿನ ಹೆಂಡತಿ. ಗಂಡ ಹೆಂಡತಿ ಜಗಳ, ಯಾರ ವಿದ್ಯೆ ದೊಡ್ಡದು ಅಂತ. ಅದು ಬೆಳೆದು ಜಪಾನಿನಿಂದ ಪಟುಗಳ ದಂಡೇ ಬರುತ್ತದೆ. ಒಬ್ಬೊಬ್ಬನ ಜೊತೆ ಒಂದೊಂದು ಆಯುಧ. ಪೂರ್ತಿ ಸಿನಿಮಾದಲ್ಲಿ ಒಬ್ಬನೂ ಸಾಯುವುದಿಲ್ಲ. ಕುಂಗ್ ಫೂ ಸಿನಿಮಾ, ಒಂದೂ ಹೆಣ ಇಲ್ಲ! ಕೊನೆಯಲ್ಲಿ ಸೋತವರಿಗೂ ಗೌರವ ಕೊಟ್ಟು ಕಳಿಸುತ್ತಾನೆ.

ಇವನ್ನೆಲ್ಲ ಮಾಡಿದ ಮನುಷ್ಯನೇ 1984ರಲ್ಲಿ ‘ದ ಏಟ್ ಡಯಾಗ್ರಾಮ್ ಪೋಲ್ ಫೈಟರ್’ ಮಾಡಿದ. ಅದು ಬೇರೆಯೇ ಲೋಕ. ಯಾಂಗ್ ಮನೆತನದ ಅಣ್ಣತಮ್ಮಂದಿರನ್ನು ಮೋಸದಿಂದ ಸುತ್ತುವರಿದು ಕೊಲ್ಲುತ್ತಾರೆ. ಇಬ್ಬರು ಉಳಿಯುತ್ತಾರೆ. ಆರನೆಯವನು ಹುಚ್ಚನಾಗಿ ಮನೆ ಸೇರುತ್ತಾನೆ, ಅದು ಅಲೆಕ್ಸಾಂಡರ್ ಫು ಶೆಂಗ್. ಐದನೆಯವನು ಗಾರ್ಡನ್ ಲಿಯು. ಮಠದವರು ಸೇರಿಸಿಕೊಳ್ಳಲ್ಲ, ನಿನ್ನ ಸಿಟ್ಟು ಇಳಿದಿಲ್ಲ ಅನ್ನುತ್ತಾರೆ. ಅವನು ತಾನೇ ತಲೆ ಬೋಳಿಸಿಕೊಳ್ಳುತ್ತಾನೆ. ಅಲ್ಲಿಯ ಭಿಕ್ಷುಗಳು ಮರದ ತೋಳಗಳ ಮೇಲೆ ದೊಣ್ಣೆವರಸೆ ಕಲಿಯುತ್ತಾರೆ. ತೋಳವನ್ನು ಕೊಲ್ಲಬಾರದು, ಹಲ್ಲು ಮಾತ್ರ ಕೀಳಬೇಕು. ಕೊನೆಯ ಫೈಟಿನಲ್ಲಿ, ಪೇರಿಸಿಟ್ಟ ಶವಪೆಟ್ಟಿಗೆಗಳ ಮೇಲೆ, ಈ ಹಲ್ಲು ಕೀಳುವ ವಿದ್ಯೆ ಮನುಷ್ಯರ ಮೇಲೆ ನಡೆಯುತ್ತದೆ. ನೋಡಲು ಆಗಲ್ಲ, ಕಣ್ಣು ಮುಚ್ಚಲೂ ಆಗಲ್ಲ.

ಶೂಟಿಂಗ್ ಮುಗಿಯುವ ಮುಂಚೆ, 1983ರ ಜುಲೈ 7ರಂದು, ಫು ಶೆಂಗ್ ಕಾರ್ ಅಪಘಾತದಲ್ಲಿ ತೀರಿಕೊಂಡ. ವಯಸ್ಸು 28. ಕಥೆ ಬದಲಾಯಿಸಬೇಕಾಯಿತು. ಆರನೆಯ ತಮ್ಮ ಅರ್ಧದಲ್ಲೇ ಕಾಣೆಯಾಗುತ್ತಾನೆ, ಯಾರೂ ಕಾರಣ ಹೇಳಲ್ಲ. ಅವನು ಹೋಗಬೇಕಿದ್ದ ಜಾಗಕ್ಕೆ ತಂಗಿ ಹೋಗುತ್ತಾಳೆ, ನಮ್ಮ ಕಾರಾ ಹುಯಿ. ಚಿತ್ರಕಥೆ ದೃಷ್ಟಿಯಿಂದ ನೋಡಿದರೆ ಅದು ತೂತು. ಆದರೆ ಮನೆಯವರೆಲ್ಲ ಸತ್ತುಹೋದ ಕಥೆಯಲ್ಲಿ ಆ ತೂತು ಹಾಗೇ ಇರಲಿ ಅನ್ನಿಸುತ್ತದೆ.

ಚಿನ್ನದ ಗುಬ್ಬಿ:

ಇದನ್ನು ನೋಡಿಲ್ಲ. ಈ ವಾರ ನೋಡುತ್ತೇನೆ. ಆದರೆ ಆ ತಂಗಿಗೆ ಕೊನೆಯ ಫೈಟಿನಲ್ಲಿ ಕೆಲಸ ಇದೆಯಾ, ಇಲ್ಲ ಕಟ್ಟಿಹಾಕಿ ಕೂರಿಸಿರುತ್ತಾರಾ? ಮೊದಲೇ ಹೇಳಿಬಿಡಿ.

ಮೂರುತುಂಡಿನ ಕೋಲು:

ಮೇಡಂ, ನೀವೇ ನೋಡಿ ಬೈಯ್ಯಿರಿ. ನಾನು ಬಾಯಿ ಬಿಡಲ್ಲ.

ಚಿನ್ನದ ಗುಬ್ಬಿ:

ಅಂದರೆ ಕಟ್ಟಿಹಾಕಿರುತ್ತಾರೆ. ಗೊತ್ತಾಯಿತು.

ಹೊಸ ಬೆಂಚು:

ನಾನು ಇವುಗಳಲ್ಲಿ ಒಂದನ್ನೂ ನೋಡಿಲ್ಲ. ‘ಮೇಟ್ರಿಕ್ಸ್’ ಇಷ್ಟ, ‘ಚಾಂದನಿ ಚೌಕ್ ಟು ಚೈನಾ’ದಲ್ಲಿ ಅಕ್ಷಯ್ ಕುಮಾರ್ ಎದುರು ವಿಲನ್ ಆಗಿದ್ದ ಮನುಷ್ಯ ಇಷ್ಟ. ಎಲ್ಲಿಂದ ಶುರು ಮಾಡಲಿ?

ಮೂರುತುಂಡಿನ ಕೋಲು:

ಆ ವಿಲನ್‌ನೇ ಗಾರ್ಡನ್ ಲಿಯು! ‘ಮೇಟ್ರಿಕ್ಸ್’ ಫೈಟ್ ಮಾಸ್ಟರ್ ಯುವೆನ್ ವೂ ಪಿಂಗ್, ‘ಡ್ರಂಕನ್ ಮಾಸ್ಟರ್’ ನಿರ್ದೇಶಕ. ನೀವು ಆಗಲೇ ಅರ್ಧ ದಾರಿ ಬಂದಿದ್ದೀರಿ. ‘36ತ್ ಚೇಂಬರ್’ನಿಂದಲೇ ಶುರು ಮಾಡಿ. ಮ್ಯಾಂಡರಿನ್ ಧ್ವನಿ, ಇಂಗ್ಲಿಷ್ ಸಬ್‌ಟೈಟಲ್ ಇಟ್ಟುಕೊಳ್ಳಿ. ಇಂಗ್ಲಿಷ್ ಡಬ್ಬಿಂಗ್ ಬೇಡ. ಅಗಲ ಪರದೆಯ ಪ್ರತಿ ಹೌದೋ ಅಲ್ಲವೋ ನೋಡಿಕೊಳ್ಳಿ. ಮೊದಲ ಅರ್ಧ ಗಂಟೆ ನಿಧಾನ, ಬಿಡಬೇಡಿ. ‘ಪೋಲ್ ಫೈಟರ್’ ಕೊನೆಗಿರಲಿ.

ಕಟೌಟ್ ಕುಮಾರ:

ಮಧ್ಯೆ ‘ವೇ ಆಫ್ ದ ಡ್ರ್ಯಾಗನ್’ ಸೇರಿಸಿಕೊಳ್ಳಿ ತಮ್ಮಾ. ಇವರ ಮಾತು ಮಾತ್ರ ಕೇಳಿದರೆ ಕೆಟ್ಟೆ.

ಹೊಸ ಬೆಂಚು:

ಸರಿ ಅಣ್ಣ. ‘36ತ್ ಚೇಂಬರ್’ ಎರಡನೇ ಭಾಗ ಅಂತ ಇನ್ನೊಂದು ಕಾಣಿಸುತ್ತಿದೆ, 1980ರದ್ದು. ಅದನ್ನೂ ನೋಡಬೇಕಾ?

ಮೂರುತುಂಡಿನ ಕೋಲು:

ಮುಂದುವರಿದ ಕಥೆ ಅಲ್ಲ ಅದು. ಅದೇ ನಟ, ಬೇರೆ ಪಾತ್ರ. ಸಾನ್ ತೆ ಅಂತ ಸುಳ್ಳು ಹೇಳಿಕೊಂಡು ತಿರುಗುವ ಪುಂಡನ ಕಥೆ. ಇವನನ್ನು ಮಠದಲ್ಲಿ ಕುಂಗ್ ಫೂ ಕಲಿಯಲು ಬಿಡುವುದಿಲ್ಲ, ಮಠದ ಸುತ್ತ ಬಿದಿರಿನ ಅಟ್ಟಣಿಗೆ ಕಟ್ಟು ಅನ್ನುತ್ತಾರೆ. ಕಟ್ಟುತ್ತಾ ಕಟ್ಟುತ್ತಾ, ಹಗ್ಗ ಬಿಗಿಯುತ್ತಾ, ಒಳಗಿನ ಕೋಣೆಗಳನ್ನು ಮೇಲಿನಿಂದ ನೋಡುತ್ತಾ ಅವನಿಗೆ ಗೊತ್ತಿಲ್ಲದೇ ವಿದ್ಯೆ ಬಂದುಬಿಡುತ್ತದೆ. ಕೊನೆಯಲ್ಲಿ ವಿಲನ್‌ಗಳನ್ನು ಹೊಡೆಯುವುದಕ್ಕಿಂತ ಕಟ್ಟಿಹಾಕುವುದೇ ಜಾಸ್ತಿ. ಮೊದಲನೆಯದನ್ನು ನೋಡಿದ ಮಾರನೇ ದಿನವೇ ನೋಡಿ.

ಸೈಡ್ ಸೀಟು:

ನಮ್ಮ ಮನೆಗೆ ಸುಣ್ಣ ಬಳಿಯಲು ಅಟ್ಟಣಿಗೆ ಕಟ್ಟಿದ್ದಾರೆ. ನಾಳೆಯಿಂದ ಹತ್ತಿ ನೋಡುತ್ತೇನೆ.